ಮನಶ್ಶಾಸ್ತ್ರವಲ್ಲ, ಮಾನವಶಾಸ್ತ್ರ

ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಗದಗಿನ ನಮ್ಮ ಅತ್ತಿ ಒಮ್ಮೆ ನನ್ನನ್ನು ಒಳಗೆ ಕರೆದು, "ರಾತ್ರಿ ನಿದ್ದಿ ಹತ್ತವಲ್ತು ತಮ್ಮಾ, ಏನರ ಹೇಳು" ಎಂದಳು. ಅವಳು ನನ್ನ ಓದನ್ನು ಮನಶ್ಶಾಸ್ತ್ರವೆಂದು ತಿಳಿದಿದ್ದಳು. ಜನ ಯಾರನ್ನು ಏನೆಂದು ಕರೆಯುತ್ತಾರೆ, ಯಾರ ಮನೆಗೆ ಹೆಣ್ಣು ಕೊಡುತ್ತಾರೆ, ಯಾರೊಂದಿಗೆ ಕೂತು ಉಣ್ಣುತ್ತಾರೆ ಎಂಬುದರ ಅಭ್ಯಾಸವಿದು ಎಂದು ನಾನು ವಿವರಿಸಿದಾಗ, "ಇಷ್ಟಕ್ಕ ಧಾರವಾಡಕ್ಕ ಯಾಕ ಹೋದಿ? ನನ್ನ ಕೇಳಿದ್ರ ಆಗ್ತಿದ್ದಿಲ್ಲೇನು?" ಎಂದು ನಕ್ಕಳು.

ಈ ಶಾಸ್ತ್ರ ಜನರಿಗೆ ಹತ್ತಿರವಾಗದಿರುವುದಕ್ಕೆ ಮುಖ್ಯ ಕಾರಣ ಆ ನಗೆಯಲ್ಲಿಯೇ ಇದೆಯೆಂದು ನನಗನ್ನಿಸುತ್ತದೆ. ನಮ್ಮಲ್ಲಿ ತಂದೆಯ ತಂಗಿಯೂ ಅತ್ತಿ, ಗಂಡನ ತಾಯಿಯೂ ಅತ್ತಿ. ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಈ ಪದಗಳೊಳಗೇ ಕುಳಿತಿದೆ. ಹಿಂದಿಯಲ್ಲಾದರೆ ತಂದೆಯ ತಂಗಿ ಬುವಾ ಬೇರೆ, ಗಂಡನ ತಾಯಿ ಸಾಸ್ ಬೇರೆ, ಏಕೆಂದರೆ ಅಲ್ಲಿನ ಬಹುಪಾಲು ಹಿಂದೂಗಳಲ್ಲಿ ಅಂಥ ಸಂಬಂಧ ನಿಷಿದ್ಧ. ಉತ್ತರ, ದಕ್ಷಿಣಗಳ ಈ ಅಂತರವನ್ನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದನ್ನು ಓದಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನಮ್ಮ ಅತ್ತಿಯ ಮುಂದೆ ಹೇಳಿದರೆ, "ಅದರಾಗೇನೈತಿ? ನಾನೂ ಸೋದರಮಾವನ್ನ ಮಾಡಿಕೊಂಡಾಕಿ" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಲಕ್ಕುಂಡಿಯ ಗುಡಿ ನೋಡಲು ಜನ ದೂರದೂರುಗಳಿಂದ ಬರುತ್ತಾರೆ. ಅದೇ ಊರಿನ ಕಟ್ಟೆಯ ಮೇಲೆ ಯಾರ ಪಕ್ಕದಲ್ಲಿ ಯಾರು ಕೂರುವುದಿಲ್ಲ ಎಂಬುದನ್ನು ನೋಡಲು ಯಾರೂ ಬರುವುದಿಲ್ಲ, ಬಂದು ಬರೆದರೆ ಊರಿಗೆ ಸಿಟ್ಟು ಬರುತ್ತದೆ.

ಭಾಷೆಯ ತಪ್ಪೂ ಇದೆ, ಅದು ನಮ್ಮದೇ. ಮೈಸೂರಿನವರಾದ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿದ್ದು ಮಾಡಿದ ಅಧ್ಯಯನದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಬಹುಮಟ್ಟಿಗೆ ನೆನಪಿನ ಬಲದಿಂದಲೇ ಅವರು ಬರೆದ ಪುಸ್ತಕ ಕನ್ನಡದ ಹಳ್ಳಿಯೊಂದರ ಕಥೆಯಾದರೂ ಮೊದಲು ಬಂದದ್ದು ಇಂಗ್ಲಿಷಿನಲ್ಲಿ. ಕರ್ವೆಯವರನ್ನು ಸಾಮಾನ್ಯ ಓದುಗರು ಬಲ್ಲದ್ದು ಮರಾಠಿಯಲ್ಲಿ ಮಹಾಭಾರತದ ಪಾತ್ರಗಳನ್ನು ಕುರಿತು ಬರೆದ 'ಯುಗಾಂತ'ದಿಂದ.

ನನ್ನ ಪ್ರಬಂಧವೂ ಇಂಗ್ಲಿಷಿನದೇ. ಅರ್ಧಕ್ಕರ್ಧ ಅತ್ತಿಯ ಮಾತೇ ಇದ್ದರೂ ಅದರಲ್ಲಿ ಅವಳು 'ಒಬ್ಬ ಹಿರಿಯ ಮಾಹಿತಿದಾರಳು' ಮಾತ್ರ. ತನ್ನ ಹೆಸರೆಲ್ಲಿದೆಯೆಂದು ಕೇಳಿದವಳಿಗೆ ಒಂದು ಪುಟವನ್ನು ಕನ್ನಡ ಮಾಡಿ ಓದಿ ಹೇಳಿದೆ. ಎರಡನೆಯ ಪುಟ ತಿರುವುವಷ್ಟರಲ್ಲಿ ಅವಳು, "ಸಾಕು ಬಿಡು ತಮ್ಮಾ, ಈಗ ನಿದ್ದಿ ಬರಾಕತ್ತೈತಿ" ಎಂದಳು.