ಪಕ್ಕದ ಕುರ್ಚಿ

2020ರ ಡಿಸೆಂಬರ್ 31. ಬೆಳ್ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಫೋನಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ತಂಡಗಳಾದ ಸ್ಯಾನ್ ಆಂಟೋನಿಯೊ ಸ್ಪರ್ಸ್ ಮತ್ತು ಲೇಕರ್ಸ್ ಪಂದ್ಯ ನೋಡುತ್ತಿದ್ದೆ. ಅಲ್ಲಿ ಇನ್ನೂ 30ರ ರಾತ್ರಿ. ಎರಡನೇ ಕ್ವಾರ್ಟರ್‌ನಲ್ಲಿ ಸ್ಪರ್ಸ್ ಮುಖ್ಯ ಕೋಚ್ ಗ್ರೆಗ್ ಪೊಪೊವಿಚ್ ರೆಫರಿಗಳ ಮೇಲೆ ರೇಗಿದರು, ರೆಫರಿಗಳು ಅವರನ್ನು ಹೊರಗೆ ಕಳಿಸಿದರು. ಹೋಗುವಾಗ ಅವರು ಸಹಾಯಕ ಕೋಚ್ ಬೆಕಿ ಹ್ಯಾಮನ್ ಕಡೆ ಬೆರಳು ತೋರಿಸಿ ಹೋದರು. ಅಷ್ಟೇ. ಗಂಡಸರ ಬಾಸ್ಕೆಟ್‌ಬಾಲ್‌ನ ಎನ್‌ಬಿಎ ಲೀಗ್ ಪಂದ್ಯವೊಂದನ್ನು ಒಬ್ಬ ಹೆಣ್ಣುಮಗಳು ಮುಖ್ಯ ಕೋಚ್ ಜಾಗದಲ್ಲಿ ನಿಂತು ನಡೆಸಿದ್ದು ಅದೇ ಮೊದಲು. ಸ್ಪರ್ಸ್ 107–121ರಿಂದ ಸೋತಿತು. ನನ್ನ ಕಾಫಿ ಆರಿಹೋಗಿತ್ತು.

ನಾನಾಗ ಬೆಂಗಳೂರಿನಲ್ಲಿ ಒಂದು ಕಾಲೇಜಿನ ಹುಡುಗಿಯರ ತಂಡಕ್ಕೆ ಸಹಾಯಕ ಕೋಚ್. ನನಗದು ಸಂಜೆಯ ಕೆಲಸ, ಹ್ಯಾಮನ್‌ಗೆ ಅದೇ ಜೀವನ. ಐದಡಿ ಆರಿಂಚು ಎತ್ತರದ ಅವರನ್ನು 1999ರಲ್ಲಿ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಸರದಿ) ಯಾವ ತಂಡವೂ ಆರಿಸಲಿಲ್ಲ, ಆದರೂ ಅಲ್ಲೇ 16 ಸೀಸನ್ ಆಡಿದರು. 2013ರಲ್ಲಿ ಮಂಡಿ ಕೈಕೊಟ್ಟಿತು. ಆಡಲಾಗದ ಆ ತಿಂಗಳುಗಳಲ್ಲಿ ಸ್ಪರ್ಸ್ ಅಭ್ಯಾಸಕ್ಕೆ, ಕೋಚ್‌ಗಳ ಮೀಟಿಂಗ್‌ಗೆ ಹೋಗಿ ಕೂತರು. 2014ರ ಆಗಸ್ಟ್‌ನಲ್ಲಿ ಅದೇ ತಂಡದ ಸಹಾಯಕ ಕೋಚ್ ಆದರು. ಬೆರಳು ತೋರಿಸಿದ ಆ ಒಂದು ಗಳಿಗೆಗೆ ಆರು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಅದು ನನಗೆ ಬಹಳ ದೊಡ್ಡದು.

ಈ ಕೆಲಸ ಹೊರಗಿನವರಿಗೆ ಕಾಣೋದೇ ಇಲ್ಲ. ಎನ್‌ಬಿಎಯಲ್ಲಿ ಮುಂದೆ ಬರುವ ಎದುರಾಳಿ ತಂಡಗಳನ್ನು ಸಹಾಯಕರು ತಮ್ಮೊಳಗೆ ಹಂಚಿಕೊಳ್ಳುತ್ತಾರೆ, ತಂತಮ್ಮ ಪಾಲಿನ ತಂಡದ ಆಟವನ್ನು ವಿಡಿಯೊದಲ್ಲಿ ಮತ್ತೆ ಮತ್ತೆ ನೋಡಿ, ಯಾರು ಎಡಕ್ಕೇ ನುಗ್ಗುತ್ತಾರೆ, ಯಾರು ಸುಸ್ತಾದಾಗ ದೂರದಿಂದ ಎಸೆಯುತ್ತಾರೆ ಅಂತ ಬರೆದಿಡುತ್ತಾರೆ. ಟೈಮ್‌ಔಟ್ ಆದಾಗ, ಅಂದರೆ ಆಟ ನಿಲ್ಲಿಸಿ ಸಣ್ಣ ವಿರಾಮ ತಗೊಂಡಾಗ, ಗಮನಿಸಿ. ಕೋಚ್‌ಗಳು ಮೊದಲು ಆಟಗಾರರಿಂದ ಸ್ವಲ್ಪ ದೂರ ನಿಂತು ಗುಸುಗುಸು ಮಾತಾಡಿಕೊಳ್ಳುತ್ತಾರೆ, ಆಮೇಲೆ ಸಾಮಾನ್ಯವಾಗಿ ಮುಖ್ಯ ಕೋಚ್ ಬಂದು ಹೇಳುತ್ತಾರೆ. ಆ ಗುಸುಗುಸುವೇ ನಮ್ಮ ಕೆಲಸ.

ನನ್ನ ಬಳಿ ಇದ್ದದ್ದು ಇನ್ನೂರು ಪುಟದ ಗೆರೆ ನೋಟ್‌ಬುಕ್. ಒಂದು ಪಂದ್ಯಕ್ಕೆ ಎರಡು ಪುಟ. ಎಡಗಡೆ ಫೌಲ್, ಬಲಗಡೆ ಉಳಿದ ಟೈಮ್‌ಔಟ್. ನಮ್ಮ ಮುಖ್ಯ ಕೋಚ್ ಸರ್ ಕೇಳುವ ಮೊದಲೇ ಹೇಳಬೇಕು.

2022ರಲ್ಲಿ ಹ್ಯಾಮನ್ ಹೆಂಗಸರ ಲೀಗ್‌ನ ಲಾಸ್ ವೇಗಸ್ ಏಸಸ್ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋಗಿ ಮೊದಲ ವರ್ಷವೇ ಪ್ರಶಸ್ತಿ ಗೆದ್ದರು. ಅದೇ ವರ್ಷ ಒಂದು ಮಧ್ಯಾಹ್ನ ಸರ್ ಫೋನ್ ಮಾಡಿ, "ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೀನಮ್ಮ, ಇವತ್ತು ನೀನೇ ನೋಡ್ಕೊ" ಅಂದರು. ಪಂದ್ಯಕ್ಕೆ ಇನ್ನೊಂದೇ ಗಂಟೆ ಇತ್ತು.

ನನಗೆ ಆಟ ಗೊತ್ತಿತ್ತು, ಹುಡುಗಿಯರೂ ಗೊತ್ತಿದ್ದರು, ಹೆದರಿಕೆ ಅಷ್ಟಾಗಿ ಆಗಲಿಲ್ಲ. ಎರಡನೇ ಕ್ವಾರ್ಟರ್‌ನಲ್ಲಿ ಎದುರಾಳಿ ಓಡಿ ಬರುವಾಗ "ಹಿಡಿ, ಬಿಡಬೇಡ!" ಅಂತ ಕೂಗಿದೆ. ನಮ್ಮ ಹುಡುಗಿ ಕೈ ಹಾಕಿ ತಡೆದಳು. ರೆಫರಿ ಶಿಳ್ಳೆ ಹೊಡೆದು ಎರಡು ಬೆರಳೆತ್ತಿದರು. ಆ ಕ್ವಾರ್ಟರ್‌ನಲ್ಲಿ ಅದು ನಮ್ಮ ಇಡೀ ತಂಡದ ಐದನೇ ಫೌಲ್, ನಾಲ್ಕು ದಾಟಿದರೆ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಅವಕಾಶ. ನಾಲ್ಕು ಆಗಿದ್ದು ನನಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ಹೇಳಬೇಕಾದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ನೋಟ್‌ಬುಕ್ ಮಾತ್ರ ಬಿದ್ದಿತ್ತು, ಆವತ್ತಿನ ತಾರೀಖು ಬಿಟ್ಟರೆ ಎರಡೂ ಪುಟ ಖಾಲಿ.

ಹಾಫ್‌ಟೈಮ್‌ನಲ್ಲಿ, ಪಾದದ ಗಂಟು ಉಳುಕಿ ಬೆಂಚಿನ ತುದಿಯಲ್ಲಿ ಕೂತಿದ್ದ ನಮ್ಮ ಪಾಯಿಂಟ್ ಗಾರ್ಡ್‌ನ ಕರೆದು ಆ ನೋಟ್‌ಬುಕ್ ಕೊಟ್ಟೆ. ಅವಳು ಕುಂಟುತ್ತಾ ಬಂದು ಪಕ್ಕದಲ್ಲಿ ಕೂತಳು. ಮೂರು ಪಾಯಿಂಟ್‌ನಲ್ಲಿ ಸೋತೆವು. ಆದರೆ ಕೊನೆಯ ಕ್ವಾರ್ಟರ್‌ನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ತೋಳು ಎಳೆದು ಕಿವಿಯಲ್ಲಿ ಹೇಳಿದಳು, "ಮ್ಯಾಮ್, ನಾಲ್ಕಾಯ್ತು."