ಯಾದಗಿರಿ ಕೊನಿಗೆ ಬಂತು ಅಂತ ನಗೋರಿಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತಂದ್ರ ನಮ್ ಕಡಿ ವಾಟ್ಸಾಪ್ ಗ್ರೂಪ್‌ನ್ಯಾಗ ಹೆಚ್ಚಾಗಿ ಒಂದೇ ನಮೂನಿ ಪಟ್ಟಿ ಓಡಾಡ್ತದ, ಮ್ಯಾಲ ಉಡುಪಿ, ದಕ್ಷಿಣ ಕನ್ನಡ, ತಳದಾಗ ನಾವು. 2024ರಾಗ ಉಡುಪಿ 94%, ಯಾದಗಿರಿ 50.59%. ಮರುವರ್ಷ ಕಲಬುರಗಿ 42.43% ತಗೊಂಡು ಕೊನಿಗೆ ಹೋತು, ಆಗ ನಮ್ಮವ್ರೇ ಕೆಲವ್ರು 'ಸದ್ಯ ನಾವಲ್ಲ' ಅಂತ ಖುಷಿ ಪಟ್ರು, ಏನ್ ಹೇಳ್ಬೇಕ್ರಿ ಇದಕ್ಕ.

ನನಗಂತೂ ಈ ಪಟ್ಟಿ ಮ್ಯಾಲ ಭಾಳ ನಂಬಿಕಿ ಇಲ್ಲ. 2023ರಾಗ ಚಿತ್ರದುರ್ಗ ರಾಜ್ಯಕ್ಕ ಫಸ್ಟು. ಮುಂದಿನ ವರ್ಷ ನಕಲು ತಡಿಯಾಕ ಎಕ್ಸಾಮ್ ಹಾಲ್‌ನ್ಯಾಗ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ರು ನೋಡ್ರಿ, ಇಪ್ಪತ್ತನೇ ಸ್ಥಾನದ ಆಚಿ ಜಾರ್ತು. ರಾಜ್ಯದ್ದೇ 83.89% ಇದ್ದದ್ದು 73.40% ಆತು, ಅದೂ ಗ್ರೇಸ್ ಮಾರ್ಕ್ಸ್ ಸುರಿದ ಮ್ಯಾಲ!

ನಮ್ ಜಿಲ್ಲಾದ ಒಳಗ ಬಂದು ನೋಡ್ರಿ. ಶಹಾಪುರ, ಸುರಪುರ ಕಡಿ ಹತ್ತಿ ಬಿಡಿಸೋ ಟೈಮ್‌ನ್ಯಾಗ ಸರ್ಕಾರಿ ಹೈಸ್ಕೂಲಿಗೆ ಹೋದ್ರ ಹುಡಿಗ್ಯಾರ ಸಾಲು ಅರ್ಧ ಖಾಲಿ, ಹಾಜರಿ ಕೂಗಿದ್ರ ಹಿಂದಿನ ಬೆಂಚಿನಿಂದ 'ಹತ್ತಿಗೆ ಹೋಗ್ಯಾಳ್ರಿ ಸರ' ಅಂತ ಉತ್ತರ ಬರ್ತದ. ಕೆಜಿ ಲೆಕ್ಕದಾಗ ಕೂಲಿ, ಮನ್ಯಾಗ ಎಷ್ಟು ಕೈ ಇದ್ರ ಅಷ್ಟು ರೊಕ್ಕ. ಅವ್ವ ಅಪ್ಪ ಬೆಂಗಳೂರಿಗೆ ಗುಳೆ ಹೋಗಿದ್ರಂತೂ ತಮ್ಮ ತಂಗಿಗೆ ರೊಟ್ಟಿ ಬಡಿಯೋದೂ ಆಕೀನೇ. ಅದೇ ಊರಾಗ ಸ್ವಲ್ಪ ಅನುಕೂಲ ಇದ್ದೋರ ಮಕ್ಕಳು ಪ್ಯಾಟಿ ಪ್ರೈವೇಟ್ ಸ್ಕೂಲು, ಟ್ಯೂಷನ್ನು. ಎರಡಕ್ಕೂ ಪೇಪರ್ ಒಂದೇ, ಹಾಜರಿ ಒಂದೇ ಅಲ್ಲ.

2024ರಾಗ 625ಕ್ಕ 625 ತಗೊಂಡ ಹುಡುಗಿ ಬಾಗಲಕೋಟೆ ಜಿಲ್ಲಾದ ಮೊರಾರ್ಜಿ ದೇಸಾಯಿ ವಸತಿ ಶಾಲೆಯಾಕಿ, ಸರ್ಕಾರಿ ಶಾಲೆನೇ ಅದು. ಅಲ್ಲಿಗೆ ಎಂಟ್ರೆನ್ಸ್ ಬರ್ದೇ ಹೋಗ್ಬೇಕು, ಆರಿಸ್ಕೊಂಡ ಮಕ್ಕಳು, ಒಪ್ತೀನಿ. ಆದ್ರ ವರ್ಷ ಪೂರ್ತಿ ಊಟ, ಲೈಟು, ಕುಂತು ಓದಾಕ ಜಾಗ ಸಿಗ್ತದಲ್ಲ, ಅದೇನು ಸಣ್ಣ ಮಾತ?

ನಮ್ ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನಮಾನ ಕೊಡೋ 371ಜೆ ಬಂದು ಹತ್ತು ವರ್ಷದ ಮ್ಯಾಲ ಆತು, ಶಾಲಿ ಕೋಣೆ ಕಟ್ಯಾರ, ಇಲ್ಲ ಅನ್ನಂಗಿಲ್ಲ. ಗಣಿತಕ್ಕ ಇನ್ನೂ ಎಷ್ಟೋ ಕಡಿ ಗೆಸ್ಟ್ ಟೀಚರೇ. ಹತ್ತಿ ಸೀಜನ್ನಿಂದ ಪರೀಕ್ಷಾ ತನಕ ಹತ್ತನೇ ಮಕ್ಕಳಿಗೆ ಊರಾಗೇ ಹಂಗಾಮಿ ಹಾಸ್ಟೆಲ್ ಮಾಡ್ರಪ್ಪ ಅಂದ್ರ, ಮ್ಯಾಲಿಂದ ಬರೋದು 'ಸಂಜಿ ಸ್ಪೆಷಲ್ ಕ್ಲಾಸ್ ತಗೊಳ್ರಿ' ಅನ್ನೋ ಆರ್ಡರು. ಸ್ಪೆಷಲ್ ಕ್ಲಾಸ್ ಮುಗಿಯೋದ್ರಾಗ ಹಳ್ಳಿ ಬಸ್ಸು ಹೋಗಿರ್ತದ.