ಅಸೆಂಬ್ಲಿಯಲ್ಲಿ ಕೂಗಿ ಹೇಳುತ್ತಿದ್ದ ಹೆಸರು

ಶಾಲೆಯ ಪತ್ರಿಕೆಯ ಕನ್ನಡ ಪುಟಗಳಿಗೆ ಏನಾದರೂ ಬರೆದುಕೊಡಿ ಅಂದಾಗ ಮೊದಲು ನೆನಪಾದದ್ದು ಬೆಳಗಿನ ಅಸೆಂಬ್ಲಿ. ಮಸ್ಕತ್‌ನ ಬೋಳು ಗುಡ್ಡಗಳ ಮೇಲೆ ಬಿಸಿಲೇರುವ ಮೊದಲೇ ನಾವು ಸಾಲಾಗಿ ನಿಂತಿರುತ್ತಿದ್ದೆವು. ಜನಗಣಮನ ಹಾಡುತ್ತಿದ್ದೆವು, ಒಮಾನಿನ ರಾಷ್ಟ್ರಗೀತೆಯನ್ನೂ ಹಾಡುತ್ತಿದ್ದೆವು. ಅರಬ್ಬಿ ಪದಗಳ ಅರ್ಥ ಗೊತ್ತಿರಲಿಲ್ಲ. ಆದರೆ ಅದರಲ್ಲಿ ಸುಲ್ತಾನರ ಹೆಸರು ಬರುತ್ತಿತ್ತು, ಕಾಬೂಸ್. ಅಲ್ಲಿಗೆ ಬಂದ ಕೂಡಲೇ ಎಲ್ಲರ ದನಿಯೂ ಏರುತ್ತಿತ್ತು. ನಮಗೆ ಗೊತ್ತಿದ್ದ ಪದ ಅದೊಂದೇ ಅಲ್ವಾ!

ಅವರ ಫೋಟೊ ಎಲ್ಲೆಲ್ಲೂ ಇತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ, ರಿಯಾಲ್ ನೋಟಿನ ಮೇಲೆ, ಮತ್ರಾದಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದ ಅಂಗಡಿಯ ಗೋಡೆಯ ಮೇಲೆ. ಚೊಕ್ಕ ಗಡ್ಡ, ಬಣ್ಣದ ಪೇಟ. ಊರಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಮುತ್ತಜ್ಜನ ಫೋಟೊ ಇತ್ತಲ್ಲ, ಹಾಗೆ. ಅವರು ಯಾರು, ಏನು ಮಾಡಿದರು ಅಂತ ಕೇಳಬೇಕು ಅನ್ನಿಸಿರಲೇ ಇಲ್ಲ.

ಕೇಳುವ ಹಾಗೆ ಮಾಡಿದವರು ನಮ್ಮ ಬಸ್ಸಿನ ಚಾಚಾ. ಮತ್ರಾದ ಬಲೂಚಿ ಮನೆತನದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಏಳನೇ ಕ್ಲಾಸಿನ ಪರೀಕ್ಷೆಯ ಹೊತ್ತಿನಲ್ಲಿ ಒಂದು ದಿನ, ಈ ಶಾಲೆಯೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನಾನು ಸುಮ್ನೆ ಗೊಣಗಿದೆ. ಚಾಚಾ ಕನ್ನಡಿಯಲ್ಲಿ ನನ್ನನ್ನು ನೋಡಿದರು. 'ನಾನು ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಹನ್ನೊಂದು ವರ್ಷ, ಮಗನೇ. ಅದಕ್ಕೂ ಮೊದಲು ಶಾಲೆಯೇ ಇರಲಿಲ್ಲ' ಅಂದರು.

ಆಮೇಲೆ ಓದಿ ತಿಳಿದುಕೊಂಡೆ. 1970ರವರೆಗೆ ಇಡೀ ಒಮಾನಿನಲ್ಲಿ ಇದ್ದದ್ದು ಮೂರೇ ಸರ್ಕಾರಿ ಶಾಲೆಗಳು. ಸುಮಾರು 900 ಹುಡುಗರು ಓದುತ್ತಿದ್ದರು. ಅಲ್ಲಿ ಹುಡುಗಿಯರಿಗೆ ಜಾಗವೇ ಇರಲಿಲ್ಲ. ಡಾಂಬರು ರಸ್ತೆ ಹತ್ತು ಕಿಲೋಮೀಟರಿನಷ್ಟು. ರಾತ್ರಿ ಹಳೇ ಮಸ್ಕತ್‌ನ ಕೋಟೆ ಬಾಗಿಲು ಹಾಕುತ್ತಿದ್ದರು. ಕತ್ತಲಲ್ಲಿ ಓಡಾಡುವವರ ಕೈಯಲ್ಲಿ ಲಾಟೀನು ಇರಲೇಬೇಕಿತ್ತು. ಆಗಿನ ಸುಲ್ತಾನ ಸಯೀದ್ ಬಿನ್ ತೈಮೂರ್ ಸ್ವತಃ ನಮ್ಮ ಅಜ್ಮೇರಿನ ಮೇಯೊ ಕಾಲೇಜಿನಲ್ಲಿ ಓದಿದವರು. ಅಲ್ಲಿ ಓದಿ ಬಂದವರು ತಮ್ಮ ಜನರಿಗೆ ಯಾಕೆ ಶಾಲೆ ಕಟ್ಟಿಸಲಿಲ್ಲ? ಇವತ್ತಿಗೂ ಇದು ನನ್ನನ್ನು ಕಾಡುತ್ತದೆ.

ಕಾಬೂಸ್ ಇವರ ಮಗ. ಹುಟ್ಟಿದ್ದು ಸಲಾಲಾದಲ್ಲಿ, 1940ರ ನವೆಂಬರ್ 18ರಂದು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಸೈನಿಕ ಶಿಕ್ಷಣ ಮುಗಿಸಿ, ಬ್ರಿಟಿಷ್ ಪಡೆಯ ಜೊತೆ ಜರ್ಮನಿಯಲ್ಲೂ ಇದ್ದು ಬಂದರು. ವಾಪಸು ಬಂದ ಮಗನನ್ನು ಅಪ್ಪ ಸಲಾಲಾದಲ್ಲೇ ಕೂರಿಸಿಬಿಟ್ಟರು. ಹೊರಗಿನವರನ್ನು ನೋಡುವ ಹಾಗಿರಲಿಲ್ಲ, ಆಡಳಿತದಲ್ಲಿ ಕೆಲಸವಿಲ್ಲ. ಕೊನೆಗೆ 1970ರ ಜುಲೈ 23ರಂದು, ಬ್ರಿಟಿಷರ ಬೆಂಬಲದಿಂದ, ಅಪ್ಪನನ್ನು ಇಳಿಸಿ ಪಟ್ಟಕ್ಕೆ ಬಂದರು. ಆಗ ಅವರಿಗೆ 29 ವರ್ಷ. ಅಪ್ಪ ಲಂಡನ್ನಿಗೆ ಹೋದವರು ಎರಡು ವರ್ಷದಲ್ಲಿ ಅಲ್ಲೇ ತೀರಿಕೊಂಡರು. ಮಗ ಅಪ್ಪನಿಗೆ ಹೀಗೆ ಮಾಡಿದ್ದು ಸುಲಭವಾಗಿ ಒಪ್ಪುವ ಮಾತಲ್ಲ. ಆದರೆ ಚಾಚಾನ ಹನ್ನೊಂದು ವರ್ಷ ನೆನಪಾದಾಗ ನನಗೆ ತೀರ್ಪು ಕೊಡಲು ಆಗುವುದಿಲ್ಲ.

ಮರದ ನೆರಳಲ್ಲಾದರೂ ಸರಿ, ಮಕ್ಕಳಿಗೆ ಕಲಿಸೋಣ ಎಂಬ ಕಾಬೂಸರ ಮಾತು ಒಮಾನಿನಲ್ಲಿ ಎಲ್ಲರಿಗೂ ಗೊತ್ತು. ಕಟ್ಟಡ ಏಳುವವರೆಗೆ ಕಾಯಲಿಲ್ಲ, ಡೇರೆಗಳಲ್ಲೇ ಪಾಠ ಶುರುವಾಯಿತು. ಚಾಚಾ ಕಲಿತದ್ದೂ ಅಂಥದೇ ಒಂದು ಡೇರೆಯಲ್ಲಿ. ಮಧ್ಯಾಹ್ನದ ಗಾಳಿಗೆ ಪುಸ್ತಕದ ತುಂಬ ಮರಳು ಬೀಳುತ್ತಿತ್ತಂತೆ. 1986ರಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ನಾನು ಹನ್ನೆರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಚಾಚಾನ ಮಗಳು ಅಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಆ ಸುದ್ದಿ ಹೇಳಿದ ದಿನ ಬಸ್ಸಿನಲ್ಲಿ ಎಲ್ಲರಿಗೂ ಹಲ್ವಾ ಹಂಚಿದರು. ಏಲಕ್ಕಿ, ಕೇಸರಿ ಹಾಕಿದ ಒಮಾನಿ ಹಲ್ವಾ. 2010ರಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ 135 ದೇಶಗಳನ್ನು ತೂಗಿ ನೋಡಿ, 40 ವರ್ಷಗಳಲ್ಲಿ ಎಲ್ಲರಿಗಿಂತ ಜಾಸ್ತಿ ಮುಂದೆ ಬಂದದ್ದು ಒಮಾನ್ ಅಂದಾಗ ನನಗೆ ಆ ಹಲ್ವಾದ ರುಚಿಯೇ ನೆನಪಾಯಿತು.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಪ್ರಧಾನಿ, ರಕ್ಷಣೆ, ವಿದೇಶಾಂಗ, ಹಣಕಾಸು ಎಲ್ಲ ಅವರ ಕೈಯಲ್ಲೇ ಇತ್ತು. ರಾಜಕೀಯ ಪಕ್ಷಗಳಿಗೆ ಅವಕಾಶವೇ ಇರಲಿಲ್ಲ. 2011ರಲ್ಲಿ ಸೊಹಾರ್‌ನ ಹುಡುಗರು ಕೆಲಸ ಬೇಕು, ಭ್ರಷ್ಟರನ್ನು ತೆಗೆಯಿರಿ ಅಂತ ಬೀದಿಗೆ ಬಂದರು. ಸುಲ್ತಾನರು ಹಲವು ಮಂತ್ರಿಗಳನ್ನು ತೆಗೆದರು, ಹೊಸ ಕೆಲಸಗಳನ್ನು ಘೋಷಿಸಿದರು. ಆದರೆ ಟೀಕಿಸಿದ ಕೆಲವರು ಜೈಲಿಗೂ ಹೋದರು. ಅವರ ಶಾಲೆಗಳಲ್ಲೇ ಓದಿದ ಮಕ್ಕಳು ಪ್ರಶ್ನೆ ಕೇಳಿದ್ದರು. ಅವರ ಮಾತನ್ನು ಇನ್ನೂ ಕೇಳಿಸಿಕೊಳ್ಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ನಮ್ಮಂಥವರಿಗೆ ಆ ನೆಲ ಜಾಗ ಕೊಟ್ಟಿತ್ತು. ಅಜ್ಜಿ ಊರಿಂದ ಬಂದಾಗ ಶಿವರಾತ್ರಿಗೆ ಹಳೇ ಮಸ್ಕತ್‌ನ ಶಿವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ಸುಲ್ತಾನರ ಅಲ್ ಆಲಂ ಅರಮನೆಗೆ ಅದು ತೀರಾ ಹತ್ತಿರ. 'ರಾಜನ ಮನೆ ಪಕ್ಕದಲ್ಲೇ ಈಶ್ವರನಾ!' ಅಂತ ಅಜ್ಜಿ ಕೈಮುಗಿದದ್ದು ದೇವಸ್ಥಾನಕ್ಕೋ ಅರಮನೆಗೋ ಗೊತ್ತಾಗಲಿಲ್ಲ.

2020ರ ಜನವರಿ 10ರಂದು ಸುಲ್ತಾನ್ ಕಾಬೂಸ್ ತೀರಿಕೊಂಡರು. ಮಕ್ಕಳಿರಲಿಲ್ಲ. ಅವರು ಬರೆದಿಟ್ಟಿದ್ದ ಮುಚ್ಚಿದ ಪತ್ರವನ್ನು ಒಡೆದು, ಅದರಲ್ಲಿದ್ದ ಹಾಗೆ ಸೋದರಸಂಬಂಧಿ ಹೈಥಮ್ ಬಿನ್ ತಾರಿಕ್ ಅವರನ್ನು ಸುಲ್ತಾನರನ್ನಾಗಿ ಮಾಡಿದರು. ಬೆಂಗಳೂರಿನಲ್ಲಿದ್ದ ನಾನು ಚಾಚಾಗೆ ಫೋನ್ ಮಾಡಿದೆ. ಇಬ್ಬರಿಗೂ ಮಾತು ಹೊರಡಲಿಲ್ಲ. 'ಬಾಬಾ ಹೋದರು' ಅಂತಷ್ಟೇ ಅಂದರು.

ಅದೇ ವರ್ಷ ರಾಷ್ಟ್ರಗೀತೆಯಿಂದ ಆ ಹೆಸರಿನ ಸಾಲನ್ನು ಬದಲಿಸಿದರು. ಹೋದ ಸಲ ಮಸ್ಕತ್‌ಗೆ ಹೋದಾಗ ಬೆಳಿಗ್ಗೆ ಶಾಲೆಯ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಮಕ್ಕಳು ಹಾಡುತ್ತಿದ್ದರು. ಆ ಜಾಗ ಬಂದಾಗ ಅವರು ಹೊಸ ಪದಗಳನ್ನು ಹೇಳಿದರು. ನಾನು ಮೆಲ್ಲಗೆ ಹಳೆಯದನ್ನೇ ಹೇಳಿಕೊಂಡೆ.